ಡ್ಯಾಶಿಂಗ್ ಕಾರಿಗೆ ಸಹಿ ಹಾಕುವ ಮುನ್ನ ಒಮ್ಮೆ ಮೀಟರ್ ಇಟ್ಟು ನೋಡಿ

ಇವರಿಗೆ,
ಜಾತ್ರೆ, ಉತ್ಸವ ಹಾಗೂ ವಸ್ತುಪ್ರದರ್ಶನ ಮೈದಾನಗಳಲ್ಲಿ ಆಟದ ಯಂತ್ರಗಳಿಗೆ ಅನುಮತಿ ನೀಡುವ ವಿದ್ಯುತ್ ಪರಿವೀಕ್ಷಕರು, ತಹಶೀಲ್ದಾರರು, ನಗರಸಭೆ ಮತ್ತು ಪಂಚಾಯಿತಿ ಅಧಿಕಾರಿಗಳು, ಜಾತ್ರಾ ಸಮಿತಿಯ ಪದಾಧಿಕಾರಿಗಳು

ವಿಷಯ: ಡ್ಯಾಶಿಂಗ್ ಕಾರ್‌ಗಳ ವಿದ್ಯುತ್ ಸುರಕ್ಷತೆಯನ್ನು ಸ್ಥಳದಲ್ಲೇ ಅಳೆದು, ಅಳತೆಯನ್ನು ಬರೆದಿಟ್ಟು, ಆಮೇಲೆ ಅನುಮತಿ ಕೊಡುವ ಬಗ್ಗೆ

ಮಾನ್ಯರೇ,

ಊರ ಜಾತ್ರೆಯಿಂದ ಹಿಡಿದು ದೊಡ್ಡ ವಸ್ತುಪ್ರದರ್ಶನದವರೆಗೆ ಜನ ಸೇರುವ ಮೈದಾನಗಳಲ್ಲಿ ಜಯಂಟ್ ವೀಲ್ ಪಕ್ಕದಲ್ಲೊಂದು ಡ್ಯಾಶಿಂಗ್ ಕಾರ್ ಕಾಣುವುದು ಸಾಮಾನ್ಯ. ಅದಕ್ಕೆ ಅನುಮತಿ ಕೊಡುವ ಕಡತವೂ ದಪ್ಪಗೇ ಇರುತ್ತದೆ: ಅಗ್ನಿಶಾಮಕದವರ ಪತ್ರ, ಪೊಲೀಸ್ ಠಾಣೆಯ ಪತ್ರ, ಮಾಲೀಕರ ಮುಚ್ಚಳಿಕೆ, ವಿಮೆಯ ಪ್ರತಿ, ಗುತ್ತಿಗೆದಾರರ ಸಹಿ. ಆದರೆ ನಮ್ಮ ಕೈಗೆ ಬರುವ ಕಡತಗಳಲ್ಲಿ ಮೂರು ಸಂಖ್ಯೆಗಳು ಮಾತ್ರ ಸಿಗುವುದಿಲ್ಲ. ಕಾರುಗಳ ತಲೆಯ ಮೇಲಿನ ಕಬ್ಬಿಣದ ಜಾಲರಿಗೂ ಅವು ಓಡುವ ಕಬ್ಬಿಣದ ಶೀಟಿಗೂ ನಡುವೆ ಎಷ್ಟು ವೋಲ್ಟ್ ಇದೆ? ಆ ಶೀಟಿಗೂ ಪಕ್ಕದ ಮಣ್ಣಿಗೂ ನಡುವೆ ಎಷ್ಟಿದೆ? ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ಇನ್ಸುಲೇಷನ್ ಎಷ್ಟು ಮೆಗಾಓಮ್ ಇದೆ? ಆ ಕಾರಿನಲ್ಲಿ ಕೂತ ಮಗುವಿಗೆ ಶಾಕ್ ಹೊಡೆಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಈ ಮೂರೇ.

ನಾವು ಇಂಥ ಮೈದಾನಗಳಲ್ಲಿ ತಾತ್ಕಾಲಿಕ ವೈರಿಂಗ್ ಮಾಡುವ ಪರವಾನಗಿದಾರರು. ಯಾರ ಮೇಲೂ ದೂರು ಹೊರಿಸಲು ಬರೆಯುತ್ತಿಲ್ಲ. ಡ್ಯಾಶಿಂಗ್ ಕಾರ್ ನಿಲ್ಲಿಸಿ ಎಂಬುದೂ ನಮ್ಮ ಮಾತಲ್ಲ. ಸರಿಯಾಗಿ ಕಟ್ಟಿದರೆ ಮೈದಾನದ ಬೇರೆ ಎಷ್ಟೋ ಆಟಗಳಿಗಿಂತ ಇದು ಸುರಕ್ಷಿತ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಟೋರರ್ ಸಹೋದರರು, ಫಿಲಡೆಲ್ಫಿಯಾದ ಲಸ್ಸಿ ಸಹೋದರರು 1920ರ ದಶಕದಲ್ಲಿ ಈ ಕಾರುಗಳನ್ನು ಮಾರುಕಟ್ಟೆಗೆ ತಂದರು. ಮೂಲ ಸರ್ಕ್ಯೂಟು ಅಂದಿನಿಂದ ಹೆಚ್ಚು ಬದಲಾಗಿಲ್ಲ. ನೂರು ವರ್ಷ ಹಳೆಯ, ಸರಳವಾದ, ಎಲ್ಲರಿಗೂ ಗೊತ್ತಿರುವ ಯಂತ್ರವನ್ನು ಅಳೆಯದೆ ಬಿಡುವುದಕ್ಕೆ ಕಾರಣವೇ ಇಲ್ಲ.

ಮೊದಲು ಅದು ನಡೆಯುವ ಬಗೆ. ತಲೆಯ ಮೇಲೆ ಕಟ್ಟಿದ ಕಬ್ಬಿಣದ ಜಾಲರಿ ಒಂದು ತುದಿ, ನೆಲಕ್ಕೆ ಹಾಸಿದ ಕಬ್ಬಿಣದ ಶೀಟು ಇನ್ನೊಂದು ತುದಿ. ಕಾರಿನ ಹಿಂಭಾಗದಿಂದ ಎದ್ದ ರಾಡಿನ ತುದಿಯಲ್ಲಿ ಬಾಗಿದ ಲೋಹದ ಪಟ್ಟಿಯೊಂದಿರುತ್ತದೆ. ಸ್ಪ್ರಿಂಗ್ ಅದನ್ನು ಜಾಲರಿಗೆ ಒತ್ತಿ ಹಿಡಿಯುತ್ತದೆ. ಕರೆಂಟು ಜಾಲರಿಯಿಂದ ಆ ಪಟ್ಟಿಗೆ, ರಾಡಿನೊಳಗಿನ ವೈರಿಗೆ, ಕಾಲಿನ ಪೆಡಲ್ ಸ್ವಿಚ್ಚಿಗೆ, ಅಲ್ಲಿಂದ ಮೋಟಾರಿಗೆ, ಕೊನೆಗೆ ಕಾರಿನ ತಳದ ಬ್ರಷ್ ಅಥವಾ ಲೋಹದ ಚಕ್ರದ ಮೂಲಕ ಶೀಟಿಗೆ ಇಳಿದು, ಲೈನಿನ ಎಸಿ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿಯಾಗಿಸುವ ರೆಕ್ಟಿಫೈಯರಿಗೆ ವಾಪಸ್ ಹೋಗುತ್ತದೆ. ಹಲವು ಮಾದರಿಗಳಲ್ಲಿ ಮೋಟಾರು ಮುಂದಿನ ಚಕ್ರದ ಜತೆಯಲ್ಲೇ ಇದ್ದು, ಸ್ಟೀರಿಂಗ್ ತಿರುಗಿಸಿದಂತೆ ಪೂರ್ತಿ ಸುತ್ತುತ್ತದೆ. ಸ್ಟೀರಿಂಗನ್ನು ಒಂದೇ ಕಡೆಗೆ ತಿರುಗಿಸುತ್ತಾ ಹೋದರೆ ಕಾರು ಹಿಂದಕ್ಕೆ ಓಡುವುದು ಅದಕ್ಕೇ. ರಿವರ್ಸ್ ಗೇರ್ ಎಂಬುದು ಅದರಲ್ಲಿ ಇಲ್ಲ.

ಜಾಲರಿಗೆ ಕೊಡುವುದು ಸಾಮಾನ್ಯವಾಗಿ 90ರಿಂದ 110 ವೋಲ್ಟ್ ಡಿಸಿ. ಇದು ಸಣ್ಣ ಕರೆಂಟು, ಹೊಡೆದರೂ ಏನಾಗುವುದಿಲ್ಲ ಎಂಬ ಮಾತು ಮೈದಾನದಲ್ಲಿ ಕೇಳುತ್ತಲೇ ಇರುತ್ತದೆ. ಅದು ತಪ್ಪು. ಬೆವರಿದ ಕೈ, ಒದ್ದೆ ಕಾಲಿದ್ದಾಗ ದೇಹದ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ 90 ವೋಲ್ಟ್ ಎಂದರೆ 90 ಮಿಲಿಆಂಪಿಯರ್. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಮನೆಯ ಆರ್‌ಸಿಸಿಬಿ 30 ಮಿಲಿಆಂಪಿಯರಿಗೇ ಬೀಳಬೇಕು ಎಂದು ಇಟ್ಟಿರುವುದು ಯಾಕೆಂದು ತಮಗೆ ಗೊತ್ತು. ಎಸಿಗಿಂತ ಡಿಸಿ ಹೃದಯಕ್ಕೆ ಸ್ವಲ್ಪ ಕಡಿಮೆ ಅಪಾಯಕಾರಿ ಎಂಬುದು ನಿಜ. ಆದರೆ ಆ ಸಮಾಧಾನದ ಮೇಲೆ ಮಕ್ಕಳನ್ನು ಕೂರಿಸಲಾಗದು.

ಹಾಗಾದರೆ ಸವಾರನಿಗೆ ಶಾಕ್ ಯಾಕೆ ಹೊಡೆಯುವುದಿಲ್ಲ? ವೋಲ್ಟೇಜ್ ಕಡಿಮೆ ಎಂಬುದಕ್ಕಿಂತ ದೊಡ್ಡ ಕಾರಣ, ಅವನಿಗೆ ಎರಡೂ ತುದಿಗಳು ಒಟ್ಟಿಗೆ ಎಟಕುವುದಿಲ್ಲ. ಜಾಲರಿ ಕೈಗೆ ಸಿಗದಷ್ಟು ಎತ್ತರದಲ್ಲಿದೆ. ಅವನು ಕೂತ ಕಾರಿನ ಚಾಸಿ, ಕಾಲಡಿಯ ಶೀಟು, ಶೀಟಿನಡಿಯ ಭೂಮಿ ಮೂರೂ ಒಂದೇ ವೋಲ್ಟೇಜ್ ಮಟ್ಟದಲ್ಲಿವೆ. ತಂತಿಯ ಮೇಲೆ ಕೂತ ಕಾಗೆಯಂತೆ ಅವನು ಒಂದೇ ಮಟ್ಟವನ್ನು ಮುಟ್ಟಿಕೊಂಡಿರುತ್ತಾನೆ. ಈ ಮೂರರಲ್ಲಿ ಒಂದು ಆ ಮಟ್ಟ ಬಿಟ್ಟು ಮೇಲೆದ್ದರೆ ರಕ್ಷಣೆ ಅಲ್ಲಿಗೇ ಮುಗಿಯಿತು. ನಾವು ಅಳೆಯಿರಿ ಎನ್ನುತ್ತಿರುವುದು ಈ ಮಟ್ಟವನ್ನೇ.

ಮೊದಲ ಅಪಾಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಲ್ಲಿ. ಜಾತ್ರೆ ಮೈದಾನದ ತಾತ್ಕಾಲಿಕ ವಿದ್ಯುತ್ ವ್ಯವಸ್ಥೆಗೆಂದೇ ಬರೆದ ಅಂತರರಾಷ್ಟ್ರೀಯ ಮಾನದಂಡವೊಂದಿದೆ, ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) 60364ರ 7-740ನೇ ಭಾಗ. ಅದರ ಮಾತು ನೇರ: ಡ್ಯಾಶಿಂಗ್ ಕಾರ್ 50 ವೋಲ್ಟ್ ಎಸಿ ಅಥವಾ 120 ವೋಲ್ಟ್ ಡಿಸಿ ದಾಟಬಾರದು, ಮತ್ತು ಆ ಸರ್ಕ್ಯೂಟು ಟ್ರಾನ್ಸ್‌ಫಾರ್ಮರ್ ಅಥವಾ ಮೋಟಾರ್ ಜನರೇಟರ್ ಮೂಲಕ ಮುಖ್ಯ ಲೈನಿನಿಂದ ಪೂರ್ತಿ ಬೇರ್ಪಟ್ಟಿರಬೇಕು. ಬೇರ್ಪಡಬೇಕು ಎಂದರೆ ಎರಡು ಸುರುಳಿಗಳ ನಡುವೆ ತಾಮ್ರದ ಸಂಬಂಧವೇ ಇರಬಾರದು. ಮೈದಾನದಲ್ಲಿ ಕಾಣುವುದು ಎಷ್ಟೋ ಸಲ ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಅಥವಾ ಡಿಮ್ಮರ್‌ಸ್ಟಾಟ್. ಬೆಲೆ ಕಡಿಮೆ, ತೂಕ ಕಡಿಮೆ, ನಾಬ್ ತಿರುಗಿಸಿದರೆ ಬೇಕಾದ ವೋಲ್ಟೇಜ್ ಬರುತ್ತದೆ. ಮೀಟರಿನಲ್ಲಿ ನೋಡಿದರೂ 90 ವೋಲ್ಟೇ ಬರುತ್ತದೆ. ಆದರೆ ಆ 90 ವೋಲ್ಟಿನ ಒಂದು ಕಾಲು ನೇರವಾಗಿ ಲೈನಿನಲ್ಲಿದೆ. ಜನರೇಟರಿನಿಂದ ಲೈನಿಗೆ ಬದಲಾಯಿಸುವಾಗ ಹುಡುಗನೊಬ್ಬ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿದನೆಂದರೆ ಇಡೀ ಶೀಟು ಭೂಮಿಯಿಂದ 230 ವೋಲ್ಟ್ ಮೇಲೆ ನಿಲ್ಲಬಹುದು. ಕಾರುಗಳು ಆಗಲೂ ಚೆನ್ನಾಗಿಯೇ ಓಡುತ್ತವೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಒದ್ದೆ ಮಣ್ಣಿನ ಮೇಲೆ ನಿಂತು ಶೀಟಿನ ಅಂಚಿಗೆ ಕೈಯಿಟ್ಟವನಿಗೆ ಗೊತ್ತಾಗುತ್ತದೆ.

ಇದನ್ನು ಹಿಡಿಯುವುದು ತೀರಾ ಸುಲಭ. ಮೇನ್ ಆಫ್ ಮಾಡಿ, ಒಳಬರುವ ವೈರು ಮತ್ತು ರೆಕ್ಟಿಫೈಯರಿಗೆ ಹೋಗುವ ವೈರು ಎರಡನ್ನೂ ಬಿಚ್ಚಿ, ಮಲ್ಟಿಮೀಟರನ್ನು ಕಂಟಿನ್ಯುಯಿಟಿಯಲ್ಲಿ (ತಂತಿಯ ಸಂಬಂಧವಿದ್ದರೆ ಕಿರುಗುಟ್ಟುವ ಸ್ಥಾನ) ಇಟ್ಟು ಪ್ರೈಮರಿ ಮತ್ತು ಸೆಕೆಂಡರಿ ಟರ್ಮಿನಲ್‌ಗಳ ನಡುವೆ ಹಿಡಿಯಬೇಕು. ಮೀಟರು ಕಿರುಗುಟ್ಟಿದರೆ ಅದು ಆಟೋ ಟ್ರಾನ್ಸ್‌ಫಾರ್ಮರ್, ಅನುಮತಿಯ ಮಾತು ಅಲ್ಲಿಗೇ ನಿಲ್ಲಬೇಕು. ಕಿರುಗುಟ್ಟದಿದ್ದರೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಾಕಬೇಕು. 1 ಮೆಗಾಓಮ್‌ಗಿಂತ ಕೆಳಗಿದ್ದರೆ ತಿರಸ್ಕರಿಸಿ. ಒಣಗಿದ, ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರು ಹತ್ತಾರು ಮೆಗಾಓಮ್ ತೋರಿಸುತ್ತದೆ. ಮಳೆಯಲ್ಲಿ ಲಾರಿಯ ಮೇಲೆ ಊರೂರು ಸುತ್ತಿ ಬಂದ ಪೆಟ್ಟಿಗೆ 2 ಅಥವಾ 3 ತೋರಿಸಿದರೆ ಒಂದು ದಿನ ಬಿಸಿಲಿಗಿಟ್ಟು ಮತ್ತೆ ಅಳೆಯುವುದು ಒಳ್ಳೆಯದು. ರೆಕ್ಟಿಫೈಯರ್ ಬಿಚ್ಚದೆ ಮೆಗ್ಗರ್ ತಿರುಗಿಸಿದರೆ ಡಯೋಡ್ ಹಾಳಾಗಬಹುದು, ಮಾಲೀಕರು ಜಗಳಕ್ಕೆ ಬಂದರೆ ಅದು ನ್ಯಾಯವೇ.

ರೆಕ್ಟಿಫೈಯರಿನ ಬಗ್ಗೆಯೂ ಒಂದು ಮಾತು, ಇದನ್ನು ತಾಂತ್ರಿಕ ಸಿಬ್ಬಂದಿಯೂ ಮರೆಯುತ್ತಾರೆ. ಸಿಂಗಲ್ ಫೇಸ್ ಬ್ರಿಡ್ಜ್ ರೆಕ್ಟಿಫೈಯರಿನಿಂದ ಬರುವ ಡಿಸಿ ಸಮತಟ್ಟಾಗಿರುವುದಿಲ್ಲ, ಅಲೆಅಲೆಯಾಗಿರುತ್ತದೆ. ಮೀಟರ್ 90 ಎಂದು ತೋರಿಸುವುದು ಸರಾಸರಿ. ಆ ಅಲೆಯ ಶಿಖರ 141 ವೋಲ್ಟ್, ಅದರ ಪರಿಣಾಮ 100 ವೋಲ್ಟ್ ಎಸಿಗೆ ಹತ್ತಿರ. ಮೂರು ಫೇಸಿನ ಬ್ರಿಡ್ಜ್ ಹಾಕಿದರೆ ಅದೇ 90 ವೋಲ್ಟಿಗೆ ಶಿಖರ 94ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಏರಿಳಿತ ಶೇ 4ರಷ್ಟು ಮಾತ್ರ. ಮೂರು ಫೇಸ್ ಇರುವ ಮೈದಾನದಲ್ಲಿ ಸಿಂಗಲ್ ಫೇಸ್ ರೆಕ್ಟಿಫೈಯರ್ ಒಪ್ಪಿಕೊಳ್ಳಲು ನಮಗಂತೂ ಕಾರಣ ಕಾಣುವುದಿಲ್ಲ.

ಎರಡನೆಯದು ಶೀಟಿನ ಅರ್ಥಿಂಗ್. ಟ್ರಾನ್ಸ್‌ಫಾರ್ಮರ್ ಬೇರ್ಪಟ್ಟಿದೆಯಲ್ಲ, ಮತ್ತೆ ಅರ್ಥಿಂಗ್ ಯಾಕೆ ಎಂದು ಕೆಲ ಮಾಲೀಕರು ವಾದಿಸುತ್ತಾರೆ. ಪುಸ್ತಕದಲ್ಲಿ ಆ ವಾದಕ್ಕೆ ಆಧಾರವಿದೆ, ಮೈದಾನದಲ್ಲಿ ಇಲ್ಲ. ಅರ್ಥ್ ಆಗದೆ ತೇಲುತ್ತಿರುವ ಶೀಟನ್ನು ಊಹಿಸಿ. ಜಾಲರಿಯನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಕಡೆ ಒಂದು ಇನ್ಸುಲೇಟರ್ ಸೀಳಿದೆ, ಜಾಲರಿ ಕಂಬಕ್ಕೆ ತಾಗಿದೆ. ಕಂಬ ಮಣ್ಣಿನಲ್ಲಿ ನಿಂತಿದೆ. ಫ್ಯೂಸ್ ಹೋಗುವುದಿಲ್ಲ, ಕಾರು ನಿಲ್ಲುವುದಿಲ್ಲ, ಯಾರಿಗೂ ಸುಳಿವಿಲ್ಲ. ಆದರೆ ಆ ಕ್ಷಣದಿಂದ ಜಾಲರಿ ಭೂಮಿಯ ಮಟ್ಟಕ್ಕೆ ಬಂತು, ಶೀಟು ಭೂಮಿಯಿಂದ 90 ವೋಲ್ಟ್ ದೂರ ಹೋಯಿತು. ಟಿಕೆಟ್ ಹಿಡಿದು ಬರಿಗಾಲಲ್ಲಿ ಮಣ್ಣಿನಿಂದ ಶೀಟಿಗೆ ಕಾಲಿಡುವ ಪ್ರತಿಯೊಬ್ಬರೂ ಆ ಅಂತರವನ್ನು ದಾಟುತ್ತಾರೆ. ಶೀಟು ಗಟ್ಟಿಯಾಗಿ ಅರ್ಥ್ ಆಗಿ, ಕಂಬಗಳೂ ಅದೇ ಅರ್ಥಿಗೆ ಜೋಡಿಸಿದ್ದರೆ ಅದೇ ದೋಷ ಶಾರ್ಟ್ ಸರ್ಕ್ಯೂಟ್ ಆಗಿ ಬ್ರೇಕರ್ ಬೀಳುತ್ತಿತ್ತು. ಆಟ ನಿಂತರೆ ಯಾರಾದರೂ ಬಂದು ನೋಡುತ್ತಾರೆ, ಓಡುತ್ತಲೇ ಇದ್ದರೆ ಯಾರೂ ನೋಡುವುದಿಲ್ಲ.

ಅರ್ಥಿಂಗ್ ಎಂಬ ಹೆಸರಿನಲ್ಲಿ ನಡೆಯುವುದು ಮಾತ್ರ ಬೇರೆ. ಅಡಿಯುದ್ದದ ಸರಳು ಬಡಿದು ಅದಕ್ಕೆ ವೈರು ಸುತ್ತಿರುತ್ತಾರೆ. ಭಾರತೀಯ ಮಾನದಂಡ ಐಎಸ್ 3043 ಹೇಳುವ ಪೈಪ್ ಅರ್ಥಿಂಗ್‌ಗೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಬೇಕು. ಕಲ್ಲು ನೆಲದಲ್ಲಿ, ಕೆರೆಯಂಗಳದ ಒಣ ಮರಳಿನಲ್ಲಿ ಒಂದು ಸಾಲದು, ಎರಡು ಮೂರು ಹಾಕಿ ಜೋಡಿಸಬೇಕು, ದಿನಾ ನೀರು ಹಾಕಬೇಕು. ಇದಕ್ಕಿಂತ ಕೆಟ್ಟದ್ದು ಶೀಟನ್ನು ಲೈನಿನ ನ್ಯೂಟ್ರಲ್‌ಗೆ ಕಟ್ಟುವ ಅಭ್ಯಾಸ. ನ್ಯೂಟ್ರಲ್ಲೂ ಅರ್ಥೇ ತಾನೇ ಎಂಬ ಸಮರ್ಥನೆ ಬೇರೆ. ಮೈದಾನದ ಉದ್ದಕ್ಕೂ ಎಳೆದ ಕೇಬಲಿನಲ್ಲಿ, ಕನೆಕ್ಟರಿಲ್ಲದೆ ತಿರುಚಿ ಟೇಪ್ ಸುತ್ತಿದ ಜಾಯಿಂಟಿನಲ್ಲಿ, ನ್ಯೂಟ್ರಲ್ ಬಿಟ್ಟುಕೊಳ್ಳುವುದು ಅಪರೂಪವೇನಲ್ಲ. ಬಿಟ್ಟುಕೊಂಡ ಮರುಕ್ಷಣ ಆಚೆ ಅಂಗಡಿಗಳ ಬಲ್ಬು, ಫ್ಯಾನು, ಗ್ರೈಂಡರ್‌ಗಳ ಮೂಲಕ ಫೇಸಿನ ವೋಲ್ಟೇಜ್ ಆ ತುಂಡು ನ್ಯೂಟ್ರಲ್ಲಿಗೆ, ಅಲ್ಲಿಂದ ಶೀಟಿಗೆ ಬರುತ್ತದೆ. ಮಿರ್ಚಿ ಅಂಗಡಿಯ ಲೋಡು ಡ್ಯಾಶಿಂಗ್ ಕಾರಿನ ನೆಲಕ್ಕೆ ಶಾಕ್ ತರುವುದು ಹೀಗೆ.

ಇಲ್ಲಿ ತಮ್ಮ ಕಡತದ ಒಂದು ಸಾಲಿಗೆ ಆಕ್ಷೇಪವಿದೆ. ‘ಇಎಲ್‌ಸಿಬಿ (ಅಂದರೆ ಸೋರಿಕೆಗೆ ಬೀಳುವ ಅದೇ ಬಗೆಯ ಸ್ವಿಚ್ಚು) ಅಳವಡಿಸಲಾಗಿದೆ’ ಎಂದು ಬರೆದು ಡ್ಯಾಶಿಂಗ್ ಕಾರಿನ ಪುಟ ಮುಗಿಸುತ್ತಾರೆ. ಟ್ರಾನ್ಸ್‌ಫಾರ್ಮರಿನ ಹಿಂದೆ ಕೂತ ಇಎಲ್‌ಸಿಬಿಗೆ ಮುಂದಿನ ಡಿಸಿ ಬದಿಯಲ್ಲಿ ಯಾರಿಗೆ ಶಾಕ್ ಹೊಡೆದರೂ ಗೊತ್ತಾಗುವುದಿಲ್ಲ, ಏಕೆಂದರೆ ಆ ಕರೆಂಟು ಅದರ ಮೂಲಕ ಸೋರಿಹೋಗುವುದೇ ಇಲ್ಲ. ಹಾಗೆಂದು ಅದು ಬೇಡವೆಂದಲ್ಲ. ಅದೇ ಚೌಕಟ್ಟಿಗೆ ನೇತುಹಾಕಿದ ಸೀರಿಯಲ್ ಸೆಟ್, ಫೋಕಸ್ ಲೈಟು, ಆಂಪ್ಲಿಫೈಯರ್, ಟಿಕೆಟ್ ಕೌಂಟರಿನ ಫ್ಯಾನು ಎಲ್ಲವೂ 230 ವೋಲ್ಟ್. ನಮ್ಮ ಲೆಕ್ಕದಲ್ಲಿ ಡ್ಯಾಶಿಂಗ್ ಕಾರಿನ ಸುತ್ತ ಜೀವಕ್ಕೆ ಅಪಾಯ ಹೆಚ್ಚಿರುವುದು ಕಾರಿನ ಕರೆಂಟಿನಿಂದಲ್ಲ, ಈ ಅಲಂಕಾರದ ಕರೆಂಟಿನಿಂದ. ಅಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಟೆಸ್ಟ್ ಬಟನ್ ಒತ್ತಿ ಬೀಳಿಸಿ ತೋರಿಸಲೇಬೇಕು. ಜನರೇಟರಿನ ಮೇಲೆ ನಡೆಸುವಾಗ ಜನರೇಟರಿನ ನ್ಯೂಟ್ರಲ್ ಅರ್ಥ್ ಆಗಿರಬೇಕು. ಇಲ್ಲದಿದ್ದರೆ ಆರ್‌ಸಿಸಿಬಿ ಗೋಡೆಯ ಮೇಲಿನ ಅಲಂಕಾರ. ಟೆಸ್ಟ್ ಬಟನ್ ಆಗಲೂ ಕೆಲಸ ಮಾಡುತ್ತದೆ, ಅದರಿಂದ ಮೋಸ ಹೋಗಬಾರದು. ನ್ಯೂಟ್ರಲ್ ಅರ್ಥಿನ ವೈರನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳಬೇಕು.

ಮೂರನೆಯದು ಕಾರಿನ ತಳ, ಎಲ್ಲರೂ ಕಡೆಗಣಿಸುವ ಜಾಗ. ಶೀಟಿಗೆ ತಾಗುವ ಬ್ರಷ್ ಸವೆದಿದ್ದರೆ, ಗ್ರೀಸ್ ಮತ್ತು ಧೂಳು ಮೆತ್ತಿಕೊಂಡಿದ್ದರೆ, ಕಾರು ನಿಂತಲ್ಲೇ ನಿಲ್ಲುತ್ತದೆ. ನಿಂತ ಕಾರು ನಿರಪಾಯ ಎಂದು ಜನ ತಿಳಿದಿದ್ದಾರೆ. ಸರ್ಕ್ಯೂಟನ್ನು ನೋಡಿ. ಜಾಲರಿಯಿಂದ ಬಂದ ಕರೆಂಟು ಮೋಟಾರಿನ ಸುರುಳಿ ದಾಟಿ ಚಾಸಿಯವರೆಗೆ ಬಂದಿದೆ, ಮುಂದೆ ಹೋಗಲು ದಾರಿಯಿಲ್ಲ. ಪೆಡಲ್ ಒತ್ತಿದ್ದಷ್ಟು ಹೊತ್ತು ಆ ಚಾಸಿ ಶೀಟಿನ ಮಟ್ಟ ಬಿಟ್ಟು ಜಾಲರಿಯ ಮಟ್ಟಕ್ಕೆ ಏರಿರುತ್ತದೆ. ಒಳಗೆ ಕೂತವನು ಫೈಬರ್ ಬಾಡಿಯಲ್ಲಿ, ರೆಕ್ಸಿನ್ ಸೀಟಿನಲ್ಲಿ ಇರುವುದರಿಂದ ಬಚಾವ್. ಕಾರು ಓಡುತ್ತಿಲ್ಲವೆಂದು ಪೆಡಲ್ ಇನ್ನಷ್ಟು ಒತ್ತುತ್ತಾ, ಒಂದು ಕಾಲು ಹೊರಗಿಟ್ಟು ಶೀಟಿಗೆ ಒದ್ದು ತಳ್ಳಲು ನೋಡುತ್ತಾನಲ್ಲ, ಆಗ ಅವನೇ ಬ್ರಷ್ ಆಗುತ್ತಾನೆ.

ಅವನಿಗಿಂತ ಮೊದಲು ಸಿಕ್ಕಿಬೀಳುವವನು ಕೆಲಸದ ಹುಡುಗ. ನಿಂತ ಕಾರು ಕಂಡ ಕೂಡಲೇ ಓಡಿಬರುತ್ತಾನೆ, ಬರಿಗಾಲು ಅಥವಾ ಸವೆದ ಹವಾಯಿ ಚಪ್ಪಲಿ, ಒಂದು ಕೈ ಕಾರಿನ ರಾಡಿನ ಮೇಲೆ, ಇನ್ನೊಂದು ಕೈ ಪಕ್ಕದ ಕಾರಿನ ಕಬ್ಬಿಣದ ಹಿಡಿಕೆಯ ಮೇಲೆ. ಆ ರಾಡಿನ ರಬ್ಬರ್ ಹೊದಿಕೆ ಕೈ ಹಿಡಿಯುವ ಜಾಗದಲ್ಲೇ ಬಿರುಕು ಬಿಟ್ಟು ಇನ್ಸುಲೇಷನ್ ಟೇಪಿನ ಮೇಲೆ ಟೇಪ್ ಬಿದ್ದಿರುತ್ತದೆ. ಬೆವರಿಗೆ ಟೇಪಿನ ಅಂಚು ಎದ್ದು ಅಂಟು ಕಪ್ಪಗಾಗಿರುತ್ತದೆ. ಪ್ರೇಕ್ಷಕರ ಸುರಕ್ಷತೆಯ ಬಗ್ಗೆ ಕಡತದಲ್ಲಿ ಒಂದಿಷ್ಟಾದರೂ ಇರುತ್ತದೆ. ಸಂಜೆಯಿಂದ ನಡುರಾತ್ರಿಯವರೆಗೆ ಚಾಲೂ ಇರುವ ಜಾಲರಿಯ ಕೆಳಗೆ ಕಾರಿನಿಂದ ಕಾರಿಗೆ ನೆಗೆಯುವ ಈ ಹುಡುಗರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅವರಲ್ಲಿ ಕೆಲವರ ವಯಸ್ಸನ್ನು ಕೇಳುವ ಕೆಲಸವನ್ನೂ ತಾವು ಮಾಡಬೇಕಾಗುತ್ತದೆ.

ಮೇಲಿನ ಜಾಲರಿಯ ಕಡೆಗೂ ಕತ್ತೆತ್ತಿ ನೋಡಬೇಕು. ಸಣ್ಣ ನೀಲಿ ಕಿಡಿ ಸಹಜ, ಪಟ್ಟಿ ಜಾಲರಿಯ ಕಣ್ಣಿನಿಂದ ಕಣ್ಣಿಗೆ ಜಾರುವಾಗ ಮೋಟಾರಿನ ಕರೆಂಟು ಕ್ಷಣಕಾಲ ಮುರಿಯುತ್ತದೆ. ಹಳದಿ ಕಿಡಿ ಉದುರಿ ಸವಾರರ ಮೇಲೆ ಬೀಳುತ್ತಿದ್ದರೆ ಮಾತ್ರ ಜಾಲರಿ ತುಕ್ಕು ಹಿಡಿದಿದೆ, ಸ್ಪ್ರಿಂಗ್ ಸೋತಿದೆ, ಅಥವಾ ಪಟ್ಟಿ ಸವೆದಿದೆ. ಪಟ್ಟಿ ಸಿಕ್ಕಿಕೊಂಡು ಜಾಲರಿಯ ತಂತಿ ಹರಿಯುತ್ತದೆ, ಹರಿದ ತುದಿ ಕೆಳಗೆ ಜೋಲುತ್ತದೆ. ಗೇಣುದ್ದದ ತಂತಿ ಜೋತರೂ ಕೈಗೆ ಎಟಕದು ಎಂಬ ನಂಬಿಕೆಯಲ್ಲಿ ಬಿಡುತ್ತಾರೆ. ಸೀಟಿನ ಮೇಲೆ ನಿಂತು ಕೂಗುವ ಯುವಕನಿಗೆ, ಅಪ್ಪನ ಹೆಗಲೇರಿ ಬರುವ ಮಗುವಿಗೆ ಅದು ಎಟಕುತ್ತದೆ. ಸೆಲ್ಫಿ ಸ್ಟಿಕ್ಕಿಗಂತೂ ಜೋತ ತಂತಿಯೂ ಬೇಡ. ಲೋಹದ ಕೋಲು ಎತ್ತಿ ಹಿಡಿದರೆ ಜಾಲರಿಯೇ ಸಿಗುತ್ತದೆ. ಲೋಹದ ಕೋಲು, ಛತ್ರಿ, ಹೊಳೆಯುವ ಹಾಳೆಯ ಗಾಳಿಬುಗ್ಗೆ ಇವನ್ನು ಕೌಂಟರಿನಲ್ಲೇ ಇಳಿಸಿಕೊಳ್ಳಬೇಕು ಎಂಬ ಒಂದು ಬೋರ್ಡಿಗೆ ಎಷ್ಟು ಖರ್ಚಾದೀತು?

ವೋಲ್ಟೇಜ್ ಯಾಕೆ ಏರುತ್ತಾ ಹೋಗುತ್ತದೆ ಎಂಬುದೂ ತಮಗೆ ತಿಳಿದಿರಲಿ. ಜಾಲರಿಗೆ ಒಂದೇ ಮೂಲೆಯಲ್ಲಿ ವೈರು ಕೊಟ್ಟಿರುತ್ತಾರೆ. ಒಂದೊಂದು ಕಾರು ಓಡುವಾಗ 4ರಿಂದ 6 ಆಂಪಿಯರ್ ಎಳೆದರೆ 16 ಕಾರಿಗೆ ಸುಮಾರು 80 ಆಂಪಿಯರ್ ಆಯಿತು. ತುಕ್ಕು ಹಿಡಿದ ಜಾಲರಿಯಲ್ಲಿ, ನಟ್ಟು ಸಡಿಲಾದ ಶೀಟುಗಳ ಸಂದಿಯಲ್ಲಿ ವೋಲ್ಟೇಜ್ ಸೋರಿ ಎದುರು ಮೂಲೆಯ ಕಾರುಗಳು ಆಮೆಯಾಗುತ್ತವೆ, ಜನ ಗಲಾಟೆ ಮಾಡುತ್ತಾರೆ. ಎರಡು ಕಡೆಯಿಂದ ಫೀಡ್ ಕೊಟ್ಟು ಶೀಟಿನ ಸಂದಿಗಳಿಗೆ ತಾಮ್ರದ ಪಟ್ಟಿ ಹಾಕಿದರೆ ಮುಗಿಯುವ ಕೆಲಸ. ಅದರ ಬದಲು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸಿ 90 ಇದ್ದದ್ದನ್ನು 120, 130 ಮಾಡುತ್ತಾರೆ. ಫ್ಯೂಸ್ ಪದೇಪದೇ ಹೋಗುತ್ತದೆಂದು ಅದರ ಜಾಗಕ್ಕೆ ವೈರಿನ ಎಳೆಗಳನ್ನು ಹೊಸೆದು ಸಿಕ್ಕಿಸುತ್ತಾರೆ. ಇನ್ನು ಕೆಲವರು ಎಸಿಯ ಎಂಸಿಬಿಯನ್ನೇ ಡಿಸಿ ಬದಿಗೆ ಹಾಕುತ್ತಾರೆ. ಡಿಸಿಯ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ, ಎಂಸಿಬಿ ಬಿದ್ದರೂ ಒಳಗೆ ಕಿಡಿ ಉರಿಯುತ್ತಲೇ ಇದ್ದು ಪೆಟ್ಟಿಗೆ ಕರಗುತ್ತದೆ. ಡಿಸಿ ವೋಲ್ಟೇಜ್ ಮುದ್ರಿತವಾಗಿರುವ ಬ್ರೇಕರ್ ಅಥವಾ ಎಚ್‌ಆರ್‌ಸಿ ಫ್ಯೂಸ್ (ಭಾರಿ ಕರೆಂಟನ್ನೂ ಸಿಡಿಯದೆ ಕಡಿಯುವ ಮುಚ್ಚಿದ ಫ್ಯೂಸ್) ಅಲ್ಲದೆ ಬೇರೇನನ್ನೂ ಅಲ್ಲಿ ಒಪ್ಪಬಾರದು.

ಜಾಲರಿಯಿಲ್ಲದ, ನೆಲದಿಂದಲೇ ಕರೆಂಟು ಪಡೆಯುವ ಕಾರುಗಳೂ ಇವೆ. ನೆಲದಲ್ಲಿ ಪ್ಲಸ್, ಮೈನಸ್ ಪಟ್ಟಿಗಳು ಒಂದರ ಪಕ್ಕ ಒಂದಿರುತ್ತವೆ, ಸವಾರನ ಎರಡು ಪಾದ ಎರಡು ಪಟ್ಟಿಗಳ ಮೇಲೆ ಬೀಳುವುದು ಖಚಿತ. ಇಲ್ಲಿ ಎತ್ತರದ ರಕ್ಷಣೆಯಿಲ್ಲ, ವೋಲ್ಟೇಜೇ ರಕ್ಷಣೆ. ಮುಟ್ಟಬಹುದಾದ ಬರಿ ಲೋಹಕ್ಕೆ ಒಣ ಜಾಗದಲ್ಲಿ 60 ವೋಲ್ಟ್ ಸಮತಟ್ಟು ಡಿಸಿ, ಒದ್ದೆಯಾಗಬಹುದಾದ ಕಡೆ 30 ವೋಲ್ಟ್ ಎಂಬುದು ಐಇಸಿ ಹಾಕಿದ ಗೆರೆ. ಬರಿಗಾಲಿನಲ್ಲಿ ಜನ ಬರುವ ನಮ್ಮ ಜಾತ್ರೆಗಳಲ್ಲಿ ಎರಡನೆಯದೇ ಅನ್ವಯಿಸಬೇಕು. ಬ್ಯಾಟರಿ ಕಾರುಗಳಲ್ಲಿ ಈ ಯಾವ ತಂಟೆಯೂ ಇಲ್ಲ. ಅವುಗಳ ಚಾರ್ಜಿಂಗ್ ಜಾಗವನ್ನು ಒಮ್ಮೆ ನೋಡಿದರೆ ಸಾಕು.

ಮಾನ್ಯರೇ, ವಿದ್ಯುತ್ ಕಾಯ್ದೆ 2003ರ 162ನೇ ಕಲಂ ಪರಿವೀಕ್ಷಕರ ನೇಮಕಕ್ಕೆ, 161ನೇ ಕಲಂ ಅಪಘಾತವಾದ ಮೇಲಿನ ವರದಿ ಮತ್ತು ವಿಚಾರಣೆಗೆ ಸಂಬಂಧಿಸಿದ್ದು. ಅಪಘಾತದ ಮರುದಿನ ಮೀಟರ್ ಹಿಡಿದು ಬರುವ ಅದೇ ಕೈಗಳು ಜಾತ್ರೆಯ ಹಿಂದಿನ ದಿನ ಬರಲಿ ಎಂಬುದಷ್ಟೇ ನಮ್ಮ ಬೇಡಿಕೆಯ ತಿರುಳು.

ಅನುಮತಿ ನಮೂನೆಗೆ ಒಂದು ಪುಟ ಸೇರಿಸಿ. ಕರೆಂಟ್ ಇಲ್ಲದೆ ಮಾಡುವ ಅಳತೆಗಳು ಅದರಲ್ಲಿ ಮೊದಲು ಬರಲಿ: ಪ್ರೈಮರಿ ಮತ್ತು ಸೆಕೆಂಡರಿ ನಡುವಿನ ಮೆಗಾಓಮ್, ಎಲ್ಲ ಕಾರುಗಳ ರಾಡು ಇಳಿಸಿ, ರೆಕ್ಟಿಫೈಯರ್ ಬಿಚ್ಚಿ, ಜಾಲರಿಗೂ ಚೌಕಟ್ಟಿಗೂ ನಡುವಿನ ಮೆಗಾಓಮ್, ಶೀಟಿನ ಒಂದು ಮೂಲೆಯಿಂದ ಕರ್ಣದ ಮೂಲೆಗೆ ಇರುವ ಓಮ್, ಇದು ಮೀಟರಿನ ವೈರಿನ ರೋಧ ಕಳೆದು ಅರ್ಧ ಓಮ್ ದಾಟದಿರಲಿ, ಪ್ರತಿ ಕಾರಿನ ಚಾಸಿಗೂ ಶೀಟಿಗೂ ನಡುವಿನ ಓಮ್, ಅದು ಒಂದರೊಳಗಿರಲಿ. ಆಮೇಲೆ ಚಾಲೂ ಮಾಡಿ ಜಾಲರಿ ಮತ್ತು ಶೀಟಿನ ನಡುವಿನ ವೋಲ್ಟೇಜನ್ನು ನಾಲ್ಕು ಮೂಲೆಯಲ್ಲೂ ಬರೆದುಕೊಳ್ಳಿ. ಕೊನೆಗೆ ಶೀಟಿನಿಂದ ಒಂದೆರಡು ಮೀಟರ್ ಆಚೆ ಒದ್ದೆ ಮಣ್ಣಿನಲ್ಲಿ ಒಂದು ಸರಳು ಚುಚ್ಚಿ, ಶೀಟಿಗೂ ಸರಳಿಗೂ ನಡುವೆ ಡಿಸಿಯಲ್ಲೊಮ್ಮೆ, ಎಸಿಯಲ್ಲೊಮ್ಮೆ ಅಳೆಯಿರಿ. ಎಲ್ಲ ಕಾರುಗಳೂ ಓಡುತ್ತಿರುವಾಗ ಅಳೆಯಬೇಕು, ಖಾಲಿ ಇದ್ದಾಗ ಅಳೆದರೆ ಪ್ರಯೋಜನವಿಲ್ಲ. ಒಂದೆರಡು ವೋಲ್ಟ್ ಸಹಜ. ಹತ್ತು ದಾಟಿದರೆ ಕಾರಣ ಸಿಗುವವರೆಗೆ ಟಿಕೆಟ್ ಕೊಡಬಾರದು. ಇದಕ್ಕೆಲ್ಲ ಟೆಸ್ಟರ್ ನಂಬಬೇಡಿ. ಅದರೊಳಗಿನ ನಿಯಾನ್ ದೀಪ 90 ವೋಲ್ಟ್ ಡಿಸಿಗೆ ಮಂಕಾಗಿ ಉರಿದೀತು, ಉರಿಯದೆಯೂ ಇದ್ದೀತು.

ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಕಾರುಗಳು ತುಂಬಿ ಓಡುತ್ತಿರುವಾಗಲೇ ಒತ್ತಿಸಿ ನೋಡಬೇಕು. ಆ ಗುಂಡಿ ಆಪರೇಟರಿನ ಕೈಯಳತೆಯಲ್ಲಿ, ಇಡೀ ಅಂಕಣ ಕಾಣುವ ಜಾಗದಲ್ಲಿರಬೇಕು. ಕರೆಂಟು ಪೂರ್ತಿ ಆಫ್ ಆಗುವವರೆಗೆ ಯಾರೂ ಹತ್ತಬಾರದು, ಇಳಿಯಬಾರದು, ಹುಡುಗರೂ ಶೀಟಿನ ಮೇಲೆ ಕಾಲಿಡಬಾರದು. ಕಾರು ಕೆಟ್ಟು ನಿಂತರೆ ತಳ್ಳುವಂತಿಲ್ಲ. ಆಟ ನಿಲ್ಲಿಸಿ, ಆಫ್ ಮಾಡಿ, ರಾಡು ಇಳಿಸಿ, ಆಮೇಲೆ ಎಳೆದು ಬದಿಗಿಡಬೇಕು. ಇದರಿಂದ ಒಂದು ಸುತ್ತಿನ ಟಿಕೆಟ್ ಹಣ ನಷ್ಟವಾಗುತ್ತದೆ ಎಂಬುದು ನಮಗೆ ಗೊತ್ತು. ಅದಕ್ಕಾಗಿಯೇ ಇದು ಮಾಲೀಕರ ಒಳ್ಳೆಯತನಕ್ಕೆ ಬಿಡುವ ವಿಷಯವಾಗದೆ ಅನುಮತಿಯ ಷರತ್ತಾಗಬೇಕು. ಹುಡುಗರಿಗೆ ರಬ್ಬರ್ ಅಡಿಯ ಶೂ ಕೊಡುವುದೂ ಆ ಷರತ್ತಿನಲ್ಲೇ ಸೇರಲಿ.

ಮಳೆ ಬಂದರೆ ಏನು ಮಾಡಬೇಕೆಂಬುದನ್ನೂ ಬರೆಯಿರಿ. ಟಾರ್ಪಾಲಿನಿಂದ ನೀರು ಜಾಲರಿಯ ಇನ್ಸುಲೇಟರ್ ಮೇಲೆ ಇಳಿಯಲು ಶುರುವಾದರೆ ಬಂದ್. ನಿಂತ ಮೇಲೆ ಮತ್ತೆ ಚಾಲೂ ಮಾಡುವ ಮುನ್ನ ಜಾಲರಿ ಮತ್ತು ಚೌಕಟ್ಟಿನ ಮೆಗ್ಗರ್ ಅಳತೆ, ಶೀಟು ಮತ್ತು ಮಣ್ಣಿನ ವೋಲ್ಟ್ ಅಳತೆ ಮತ್ತೊಮ್ಮೆ ಆಗಲಿ. ವಾರಗಟ್ಟಲೆ ನಡೆಯುವ ವಸ್ತುಪ್ರದರ್ಶನಗಳಲ್ಲಿ ಈ ಎರಡನ್ನು ದಿನಾ ಸಂಜೆ ಅಳೆದು, ಟಿಕೆಟ್ ಕೌಂಟರಿನ ಬಳಿ ಬೋರ್ಡಿನ ಮೇಲೆ ಬರೆದು ಹಾಕಲಿ. ಅಳತೆ ಮಾಡಿದವರ ಪರವಾನಗಿ ಸಂಖ್ಯೆಯೂ ಅದರಲ್ಲಿರಲಿ, ಆಗ ಮನಸ್ಸಿಗೆ ಬಂದ ಅಂಕಿ ಬರೆಯಲು ಯಾರಿಗಾದರೂ ಕೈ ನಡುಗುತ್ತದೆ.

ಇದಿಷ್ಟಕ್ಕೆ ಒಂದು ಮಲ್ಟಿಮೀಟರ್, ಒಂದು ಮೆಗ್ಗರ್, ಇಬ್ಬರು ಬಲ್ಲವರು ಸಾಕು. ಕಾರುಗಳನ್ನೂ ಸೇರಿಸಿ ಒಂದು ಮಧ್ಯಾಹ್ನದ ಕೆಲಸ. ಮುಂದಿನ ಹಂಗಾಮಿನ ಮೊದಲ ಜಾತ್ರೆಗೆ ಮುಂಚೆ ತಮ್ಮ ಸಿಬ್ಬಂದಿಗೆ ಈ ಅಳತೆಗಳನ್ನು ಮಾಡಿ ತೋರಿಸಲು ನಾವು ಸಿದ್ಧರಿದ್ದೇವೆ. ಮೀಟರ್‌ಗಳನ್ನು ನಾವೇ ತರುತ್ತೇವೆ. ದಿನಾಂಕ ಮತ್ತು ಸ್ಥಳವನ್ನು ತಾವು ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಜಾತ್ರೆ ಮೈದಾನಗಳಲ್ಲಿ ತಾತ್ಕಾಲಿಕ ವಿದ್ಯುತ್ ಕೆಲಸ ಮಾಡುವ ಪರವಾನಗಿದಾರರು